ನದಿಯ ಋಣ ಮತ್ತು ನಮ್ಮ ತೌಬಾ



ಮದ್ರಸಾದಲ್ಲಿ ಓದಿದವರಿಗೆಲ್ಲ ತಿಳಿದಿರುವಂತೆ, ಫಿಕ್ಹ್ ಗ್ರಂಥಗಳು ನಮಾಝಿನಿಂದ ಆರಂಭವಾಗುವುದಿಲ್ಲ, ನೀರಿನಿಂದ ಆರಂಭವಾಗುತ್ತವೆ. ಯಾವ ನೀರು ಶುದ್ಧ, ಯಾವುದು ಅಶುದ್ಧ, ಕೆಟ್ಟ ನೀರನ್ನು ಶುದ್ಧಗೊಳಿಸುವ ಕ್ರಮವೇನು ಎಂಬುದನ್ನು ಕಲಿತ ಬಳಿಕವೇ ವಿದ್ಯಾರ್ಥಿಯು ವುಝೂವಿಗೆ ಬರುತ್ತಾನೆ, ಆಮೇಲೆ ನಮಾಝಿಗೆ. ಈ ನೀರಿನ ಅಧ್ಯಾಯದಲ್ಲಿ ಬಾವಿಯ ಪಾಠವೊಂದಿದೆ. ಬಾವಿಗೆ ಪ್ರಾಣಿ ಬಿದ್ದು ಸತ್ತರೆ ಏನು ಮಾಡಬೇಕು? ಹನಫೀ ಗ್ರಂಥಗಳ ಪ್ರಕಾರ, ಪ್ರಾಣಿಯ ದೇಹ ಉಬ್ಬಿ ಒಡೆಯುವ ಮೊದಲು ಗಮನಕ್ಕೆ ಬಂದರೆ ಇಲಿಗೆ 20ರಿಂದ 30 ಡೋಲು ನೀರು ಸೇದಿ ಚೆಲ್ಲಬೇಕು. ಬೆಕ್ಕು, ಪಾರಿವಾಳದಂಥವುಗಳಿಗೆ 40ರಿಂದ 60 ಡೋಲು. ಆಡು, ನಾಯಿಯಂತಹ ದೊಡ್ಡ ಪ್ರಾಣಿಯಾದರೆ ಬಾವಿಯ ನೀರನ್ನೆಲ್ಲ ಬರಿದು ಮಾಡಬೇಕು. ಆದರೆ ಎಲ್ಲದಕ್ಕೂ ಒಂದೇ ಷರತ್ತು: ಮೊದಲು ಸತ್ತ ಪ್ರಾಣಿಯನ್ನು ಹೊರಗೆ ತೆಗೆಯಬೇಕು. ಅದು ಒಳಗಿರುವಾಗ ಸಾವಿರ ಡೋಲು ಸೇದಿದರೂ ಬಾವಿ ಶುದ್ಧವಾಗದು.

ಒಮ್ಮೆ ನಾನು ಈ ಪಾಠ ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಅವನ ನಾನಿಯ ಮನೆ ತಮಿಳುನಾಡಿನ ವಾಣಿಯಂಬಾಡಿಯ ಕಡೆ. "ಹಜ್ರತ್, ನಮ್ಮ ನಾನಿಯ ಊರಿನ ಬಾವಿಗೆ ಯಾವ ಪ್ರಾಣಿಯೂ ಬಿದ್ದಿಲ್ಲ. ಆದರೂ ಅದರ ನೀರು ಬಾಯಿಗಿಡುವ ಹಾಗಿಲ್ಲ. ಅದಕ್ಕೆ ಎಷ್ಟು ಡೋಲು ಸೇದಬೇಕು?" ಎಂದು ಕೇಳಿದ. ಉಳಿದ ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಗ್ರಂಥವನ್ನು ತಿರುವಿ ಹಾಕಿದೆ. ಅಂತಹ ಬಾವಿಗೆ ಡೋಲಿನ ಲೆಕ್ಕ ಎಲ್ಲೂ ಸಿಗಲಿಲ್ಲ. ಆದರೆ ಆ ಷರತ್ತು ಮಾತ್ರ ಪುಟದಲ್ಲೇ ಇತ್ತು. ಸತ್ತದ್ದು ಎಲ್ಲಿದೆಯೋ ಅಲ್ಲಿಂದ ಅದನ್ನು ಮೊದಲು ಹೊರಗೆ ತೆಗೆಯಿರಿ. ಆ ಹುಡುಗನಿಗೆ ಅಂದು ಪೂರ್ಣವಾಗಿ ಹೇಳಲಾಗದ ಉತ್ತರವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಹಾಲಿನ ಹೊಳೆ

ಆ ಊರಿನ ಹೊಳೆಯ ಹೆಸರು ಪಾಲಾರ್. ತಮಿಳಿನಲ್ಲಿ ಹಾಗೆಂದರೆ ಹಾಲಿನ ಹೊಳೆ. ಅದು ಹುಟ್ಟುವುದು ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ. ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬುತ್ತಾ, ಬೇತಮಂಗಲವನ್ನು ದಾಟಿ, ಆಂಧ್ರಪ್ರದೇಶದಲ್ಲಿ ಸ್ವಲ್ಪ ದೂರ ಹರಿದು, ತಮಿಳುನಾಡನ್ನು ಸೇರುತ್ತದೆ. ಒಟ್ಟು 348 ಕಿಲೋಮೀಟರ್ ಉದ್ದದ ಈ ನದಿ 93 ಕಿಲೋಮೀಟರ್ ಕರ್ನಾಟಕದಲ್ಲಿಯೂ 33 ಕಿಲೋಮೀಟರ್ ಆಂಧ್ರದಲ್ಲಿಯೂ ಉಳಿದ 222 ಕಿಲೋಮೀಟರ್ ತಮಿಳುನಾಡಿನಲ್ಲಿಯೂ ಸಾಗಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ವರ್ಷದ ಬಹುಭಾಗ ಅದರಲ್ಲಿ ನೀರು ಕಾಣಿಸುವುದಿಲ್ಲ, ಬರೀ ಮರಳು. ಆದರೆ ಮರಳಿನಡಿಯಲ್ಲಿ ನೀರು ಇದೆ. ದಡದ ಊರುಗಳು ತಲೆಮಾರುಗಳಿಂದ ಕುಡಿದದ್ದು, ಭತ್ತ, ಕಬ್ಬು, ತೆಂಗು ಬೆಳೆದದ್ದು ಆ ಒಳನೀರಿನಿಂದ. ಹೊಳೆ ಕಣ್ಣಿಗೆ ಬತ್ತಿದಂತೆ ಕಂಡರೂ ಕಾರುಣ್ಯವಂತನಾದ ಅಲ್ಲಾಹನು ಅದರ ಒಡಲಲ್ಲಿ ನೀರನ್ನು ಅಡಗಿಸಿಟ್ಟಿದ್ದನು.

ಇದೇ ಹೊಳೆಯ ಸೀಮೆಯಲ್ಲಿ ವಾಣಿಯಂಬಾಡಿ, ಆಂಬೂರು, ಪೇರ್ಣಾಂಬಟ್ಟು, ಮೇಲ್ವಿಶಾರಂ, ರಾಣಿಪೇಟೆಗಳಿವೆ. ಚರ್ಮ ಹದ ಮಾಡುವ ಉದ್ಯೋಗಕ್ಕೆ ದೇಶ ವಿದೇಶಗಳಲ್ಲಿ ಹೆಸರಾದ ಊರುಗಳಿವು. ಈ ಉದ್ಯಮದಲ್ಲಿ ನಮ್ಮ ಸಮುದಾಯದವರ ಪಾಲು ಬಹಳ ದೊಡ್ಡದು. ಚರ್ಮದ ವ್ಯಾಪಾರಿಗಳ ದಾನದಿಂದ ಅಲ್ಲಿ ಮಸೀದಿ ಮದ್ರಸಾಗಳು ಎದ್ದಿವೆ, ಶಾಲೆ ಕಾಲೇಜುಗಳು ಬೆಳೆದಿವೆ. ಕರ್ನಾಟಕದ ಎಷ್ಟೋ ಮನೆಗಳಿಗೆ ಅಲ್ಲಿಂದ ಸೊಸೆಯಂದಿರು ಬಂದಿದ್ದಾರೆ, ಇಲ್ಲಿಂದ ಅಲ್ಲಿಗೆ ಹೆಣ್ಣು ಕೊಟ್ಟವರಿದ್ದಾರೆ. ಆದ್ದರಿಂದ ಇದು ಪರರ ಊರಿನ ಸುದ್ದಿಯಲ್ಲ. ಇನ್ನೊಬ್ಬರತ್ತ ಬೆರಳು ತೋರಿಸುವುದು ಸುಲಭ. ನಮ್ಮ ಮನೆಯ ಮಾತನ್ನು ನಾವೇ ಆಡಿಕೊಳ್ಳುವುದು ಕಷ್ಟ. ಆದರೆ ಸತ್ಯವಿಶ್ವಾಸಿಯು ತನಗೆ, ತನ್ನ ತಂದೆ ತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿಯಾಗಿ ನಿಲ್ಲಬೇಕೆಂಬುದು ಸೂರಃ ಅನ್ನಿಸಾದಲ್ಲಿ ಅಲ್ಲಾಹನು ನೀಡಿದ ಆಜ್ಞೆ.

ತೊಗಲು ಶುದ್ಧವಾಯಿತು, ನೀರು ಅಶುದ್ಧವಾಯಿತು

ಚರ್ಮ ಹದ ಮಾಡುವುದು ಹೀನ ವೃತ್ತಿಯೆಂದು ಇಸ್ಲಾಮ್ ಎಂದೂ ಹೇಳಿಲ್ಲ. ಸತ್ತು ಬಿದ್ದ ಆಡೊಂದನ್ನು ಕಂಡ ಪ್ರವಾದಿವರ್ಯರು(ಸ), ಅದರ ತೊಗಲನ್ನು ಹದ ಮಾಡಿ ಏಕೆ ಉಪಯೋಗಿಸಲಿಲ್ಲವೆಂದು ಕೇಳಿದರು. ಹದ ಮಾಡಿದರೆ ತೊಗಲು ಶುದ್ಧವಾಗುವುದೆಂದು ಅವರು ಕಲಿಸಿದ್ದಾರೆ. ವಿಶ್ವಾಸಿಗಳ ಮಾತೆ ಝೈನಬ್ ಬಿಂತಿ ಜಹ್ಶ್(ರ) ಸ್ವತಃ ಚರ್ಮದ ಕೆಲಸ ಮಾಡಿ, ಬಂದುದನ್ನು ಬಡವರಿಗೆ ದಾನ ಮಾಡುತ್ತಿದ್ದರು. ವ್ಯರ್ಥವಾಗುವ ವಸ್ತುವಿಗೆ ಬೆಲೆ ತರುವ, ಅಶುದ್ಧವನ್ನು ಶುದ್ಧಗೊಳಿಸುವ ಉದ್ಯೋಗವಿದು. ಇದರಲ್ಲಿ ಬರಕತ್ ಇಲ್ಲವೆಂದು ಯಾರು ಹೇಳಬಲ್ಲರು?

ಹಿಂದೆ ನಮ್ಮ ನಾಡಿನಲ್ಲಿ ತಂಗಡಿ ಗಿಡದ ತೊಗಟೆ, ಅಳಲೆಕಾಯಿಗಳಿಂದ ಚರ್ಮವನ್ನು ಹದ ಮಾಡುತ್ತಿದ್ದರು. 1970ರ ದಶಕದಲ್ಲಿ ಸಿದ್ಧ ಚರ್ಮದ ರಫ್ತಿಗೆ ಸರಕಾರದ ಪ್ರೋತ್ಸಾಹ ಸಿಕ್ಕಿದ ಮೇಲೆ ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನ ಎಲ್ಲೆಡೆ ಹರಡಿತು. ಕೆಲಸ ಬೇಗ ಮುಗಿಯುತ್ತದೆ, ಚರ್ಮ ಮೃದುವಾಗುತ್ತದೆ, ಹೊರದೇಶದಲ್ಲಿ ಬೆಲೆ ಬರುತ್ತದೆ. ಹಸಿ ತೊಗಲು ಕೊಳೆಯದಂತೆ ಹಾಕಿದ ಉಪ್ಪು, ರೋಮ ತೆಗೆಯಲು ಹಾಕಿದ ಸುಣ್ಣ ಮತ್ತು ಗಂಧಕದ ವಸ್ತುಗಳು, ಕ್ರೋಮಿಯಂ, ಬಣ್ಣ ಎಲ್ಲವೂ ತೊಳೆದ ನೀರಿನ ಜೊತೆ ಹೊರಗೆ ಹರಿದವು. ಒಂದು ಕಿಲೋ ಚರ್ಮಕ್ಕೆ ಸುಮಾರು 35 ಲೀಟರ್ ನೀರು ಬೇಕಾಗುತ್ತದೆಂಬ ಲೆಕ್ಕ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಆ ನೀರು ಕಾಲುವೆಗೆ, ಹೊಲಕ್ಕೆ, ಕೆರೆಗೆ, ಪಾಲಾರಿನ ಮರಳಿಗೆ ಇಳಿಯಿತು. ಮರಳಿನಡಿಯ ಸಿಹಿನೀರು ಉಪ್ಪಾಯಿತು. ಬಾವಿಗಳು ಕೆಟ್ಟವು, ತೆಂಗಿನ ಗರಿ ಒಣಗಿತು. ಚರ್ಮೋದ್ಯಮದ ಪಟ್ಟಿಯಲ್ಲಿ ಸುಮಾರು 35,000 ಹೆಕ್ಟೇರ್ ಕೃಷಿಭೂಮಿ ಭಾಗಶಃ ಅಥವಾ ಪೂರ್ಣವಾಗಿ ಸಾಗುವಳಿಗೆ ನಿರುಪಯುಕ್ತವಾಯಿತೆಂದು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದು ಕಂಡುಕೊಂಡಿತು. ತೊಗಲನ್ನು ಶುದ್ಧಗೊಳಿಸಿದ ಕೈಗಳೇ ನೀರನ್ನು ಅಶುದ್ಧಗೊಳಿಸಿದವು!

ವೆಲ್ಲೂರಿನ ನಾಗರಿಕರು 1991ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಆಗಸ್ಟ್ 28ರಂದು ಬಂದ ತೀರ್ಪು ಇಂದಿಗೂ ದೇಶದ ಕಾನೂನು ಕಾಲೇಜುಗಳಲ್ಲಿ ಪಾಠವಾಗಿದೆ. ಕೆಡಿಸಿದವನೇ ತೆರಬೇಕು ಎಂಬುದು ಅದರ ತಿರುಳು. ತೆರಬೇಕಾದುದು ಎರಡು ಬಗೆಯಲ್ಲಿ. ನಷ್ಟಕ್ಕೊಳಗಾದವರಿಗೆ ಪರಿಹಾರ ಕೊಡಬೇಕು, ಕೆಟ್ಟ ನೆಲ ಜಲಗಳನ್ನು ಮೊದಲಿನ ಸ್ಥಿತಿಗೆ ತರುವ ವೆಚ್ಚವನ್ನೂ ಭರಿಸಬೇಕು. ಓದುಗರೇ, ನಮ್ಮ ಫಿಕ್ಹ್ ವಿದ್ವಾಂಸರು ಶತಮಾನಗಳ ಹಿಂದೆಯೇ ಬರೆದಿಟ್ಟ ನಿಯಮಗಳನ್ನು ಬಲ್ಲವನಿಗೆ ಈ ತೀರ್ಪು ಹೊಸದೆನಿಸದು. ಹಾನಿಯನ್ನು ನಿವಾರಿಸಲೇಬೇಕು, ಲಾಭ ಪಡೆದವನೇ ಅದರ ಹೊಣೆಯನ್ನೂ ಹೊರಬೇಕು ಎಂಬುದು ಅವರು ಪ್ರವಾದಿವರ್ಯರ(ಸ) ಬೋಧನೆಗಳಿಂದ ತೆಗೆದ ಸೂತ್ರಗಳು.

ಮುಚ್ಚಿದ ಬಾಗಿಲ ಹಿಂದಿನ ದಿಬ್ಬ

ಇಲ್ಲಿಯವರೆಗೆ ಹೇಳಿದ್ದು ಹರಿಯುವ ಹೊಲಸಿನ ಮಾತು. ಇನ್ನು ನಿಂತ ಹೊಲಸಿನ ಮಾತಿಗೆ ಬರೋಣ. ಏಕೆಂದರೆ ಬಾವಿಯೊಳಗಿನ ಸತ್ತ ಪ್ರಾಣಿ ಇರುವುದು ಅಲ್ಲಿಯೇ.

ಹದ ಮಾಡಲು ಬೇಕಾದ ಕ್ರೋಮಿಯಂ ಲವಣವನ್ನು ತಯಾರಿಸುವ ಕಾರ್ಖಾನೆಯೊಂದು ರಾಣಿಪೇಟೆಯಲ್ಲಿತ್ತು. ತಮಿಳುನಾಡು ಕ್ರೋಮೇಟ್ಸ್ ಅಂಡ್ ಕೆಮಿಕಲ್ಸ್ ಎಂದು ಅದರ ಹೆಸರು. ಸುಮಾರು ಎರಡು ದಶಕಗಳ ಕಾಲ ನಡೆದು 1990ರ ದಶಕದ ಮಧ್ಯದಲ್ಲಿ ಅದು ಮುಚ್ಚಿತು. ಮುಚ್ಚುವಾಗ ಹಿಂದೆ ಬಿಟ್ಟುಹೋದದ್ದು ಒಂದೂವರೆ ಲಕ್ಷ ಟನ್‌ಗಿಂತ ಹೆಚ್ಚು ತ್ಯಾಜ್ಯದ ದಿಬ್ಬ. ಅದರಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಅದು ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ನೀರನ್ನು ಹಳದಿಗೊಳಿಸುತ್ತದೆ. ತಾಗಿದರೆ ಚರ್ಮದ ಮೇಲೆ ವ್ರಣವಾಗುತ್ತದೆ. ಅದರ ಧೂಳನ್ನು ವರ್ಷಗಟ್ಟಲೆ ಉಸಿರಾಡಿದ ಕಾರ್ಮಿಕರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂಬುದು ವೈದ್ಯಶಾಸ್ತ್ರದಲ್ಲಿ ಸಿದ್ಧವಾದ ವಿಷಯ.

ದಿಬ್ಬ ಮಾತಾಡುವುದಿಲ್ಲ, ನಡೆಯುವುದಿಲ್ಲ. ಕಾರ್ಖಾನೆ ನಿಂತ ಮೇಲೆ ಹೊಗೆಯೂ ಇಲ್ಲ, ಸದ್ದೂ ಇಲ್ಲ. ಆದರೆ ಪ್ರತಿ ಮಳೆಗಾಲದಲ್ಲಿ ಅದರ ಮೇಲೆ ಮಳೆ ಸುರಿಯುತ್ತದೆ. ಅಲ್ಲಾಹನ ರಹ್ಮತ್ ಎಂದು ನಾವು ಕರೆಯುವ ಅದೇ ಮಳೆ! ಆ ನೀರು ದಿಬ್ಬದೊಳಗೆ ಇಳಿದು, ವಿಷವನ್ನು ಕರಗಿಸಿಕೊಂಡು, ನೆಲದಡಿಗೆ ಸೇರಿ, ಇಳಿಜಾರಿನತ್ತ ಸಾಗುತ್ತದೆ. ಪಾಲಾರಿಗೆ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರ. ಒಂದು ಹೊಳೆಗೆ ಎಲ್ಲೆಲ್ಲಿಂದ ಮಳೆನೀರು ಹರಿದು ಬರುತ್ತದೋ ಆ ಇಡೀ ಸೀಮೆ ಆ ಹೊಳೆಯ ಜಲಾನಯನ. ಅಲ್ಲಿ ಯಾರ ಕಂಪೌಂಡಿನೊಳಗೆ ಏನನ್ನು ಸುರಿದರೂ ಅದು ಕೊನೆಗೆ ಎಲ್ಲರ ನೀರಿಗೆ ಸುರಿದಂತೆಯೇ. ಗೋಡೆ ಮನುಷ್ಯನನ್ನು ತಡೆಯಬಹುದು, ನೀರನ್ನು ತಡೆಯದು. ಕಾರ್ಖಾನೆ ಮುಚ್ಚಿ ಕಾಲು ಶತಮಾನ ಕಳೆದ ಮೇಲೂ ಆ ದಿಬ್ಬ ಅಲ್ಲಿಯೇ ಇತ್ತು. ಸಮಿತಿಗಳು ಬಂದವು, ವರದಿಗಳು ಬಂದವು, ಯೋಜನೆಗಳು ಬಂದವು. ಮಳೆಗಾಲವೂ ತಪ್ಪದೆ ಬಂದಿತು.

ಹರಿಯುವ ಹೊಲಸಿಗಾಗಿ ಕಟ್ಟಿದ ಸಾಮೂಹಿಕ ಶುದ್ಧೀಕರಣ ಘಟಕಗಳ ಕಥೆಯಲ್ಲೂ ಒಂದು ಪಾಠವಿದೆ. ಅಲ್ಲಿ ನೀರಿನಿಂದ ತೆಗೆದ ಕೊಳೆ ಕೆಸರಾಗಿ ಉಳಿಯುತ್ತದೆ. ಆ ಕೆಸರನ್ನು ಎಲ್ಲಿಡಬೇಕು? 2015ರ ಜನವರಿ 31ರ ನಸುಕಿನಲ್ಲಿ ರಾಣಿಪೇಟೆಯ ಅಂತಹದೊಂದು ಘಟಕದಲ್ಲಿ ಕೆಸರು ತುಂಬಿಟ್ಟಿದ್ದ ತೊಟ್ಟಿಯ ಗೋಡೆ ಕುಸಿಯಿತು. ಪಕ್ಕದ ಚರ್ಮದ ಕಾರ್ಖಾನೆಯಲ್ಲಿ ಮಲಗಿದ್ದ 10 ಮಂದಿ ಕೆಲಸಗಾರರು ನಿದ್ದೆಯಲ್ಲಿಯೇ ಆ ಕೆಸರಿನಡಿ ಸಿಕ್ಕಿ ಪ್ರಾಣ ಬಿಟ್ಟರು. ಹೆಚ್ಚಿನವರು ದೂರದ ಪಶ್ಚಿಮ ಬಂಗಾಳದಿಂದ ಹೊಟ್ಟೆಪಾಡಿಗೆ ಬಂದವರು. ಹೊಲಸನ್ನು ಕಣ್ಣಿಂದ ಮರೆಯಾಗಿಸುವುದಕ್ಕೂ ನಿವಾರಿಸುವುದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ಹತ್ತು ಜನಾಝಾಗಳು ನಮಗೆ ಹೇಳಿ ಹೋದವು.

ಶುದ್ಧೀಕರಣದ ಕ್ರಮ

ಹಾಗಾದರೆ ಇಂತಹ ಜಾಗವನ್ನು ಶುದ್ಧಗೊಳಿಸಲು ಸಾಧ್ಯವೇ? ಸಾಧ್ಯ. ಮನುಷ್ಯನಿಗೆ ವಿಷ ಮಾಡುವ ಬುದ್ಧಿ ಕೊಟ್ಟ ಅಲ್ಲಾಹನು ಅದನ್ನು ಇಳಿಸುವ ಬುದ್ಧಿಯನ್ನೂ ಕೊಟ್ಟಿದ್ದಾನೆ.

ಮೊದಲನೆಯದಾಗಿ, ಸುತ್ತಮುತ್ತ ಪರೀಕ್ಷಾ ಬಾವಿಗಳನ್ನು ತೋಡಿ ವಿಷ ಎಷ್ಟು ಆಳಕ್ಕೆ, ಯಾವ ದಿಕ್ಕಿಗೆ, ಎಲ್ಲಿಯವರೆಗೆ ಹೋಗಿದೆಯೆಂದು ಪತ್ತೆ ಹಚ್ಚಬೇಕು. ಎರಡನೆಯದಾಗಿ, ದಿಬ್ಬಕ್ಕೆ ಮಳೆನೀರು ಇಳಿಯದಂತೆ ಹೊದಿಕೆ ಹಾಕಬೇಕು, ಅದರಿಂದ ಒಸರುವ ನೀರನ್ನು ಹೊರಹೋಗಲು ಬಿಡದೆ ಹಿಡಿದು ಸಂಸ್ಕರಿಸಬೇಕು. ಮೂರನೆಯದು ವಿಷವನ್ನೇ ಬದಲಾಯಿಸುವುದು. ಕಬ್ಬಿಣದ ಸಲ್ಫೇಟಿನಂತಹ ವಸ್ತುಗಳನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಆರು ವೇಲೆನ್ಸಿಯ ಕ್ರೋಮಿಯಂ ಮೂರು ವೇಲೆನ್ಸಿಯದಾಗುತ್ತದೆ. ಅದು ನೀರಿನಲ್ಲಿ ಅಷ್ಟಾಗಿ ಕರಗದು, ನೀರಿನೊಂದಿಗೆ ಓಡದು, ಮೊದಲಿನಷ್ಟು ವಿಷಕಾರಿಯೂ ಅಲ್ಲ. ನಾಲ್ಕನೆಯದಾಗಿ, ಹಾಗೆ ಪಳಗಿಸಿದ ತ್ಯಾಜ್ಯವನ್ನು ಗಟ್ಟಿಗೊಳಿಸಿ, ತಳಕ್ಕೂ ಮೇಲಕ್ಕೂ ನೀರು ದಾಟದ ಪದರಗಳನ್ನು ಹಾಸಿದ ಸುರಕ್ಷಿತ ಗುಂಡಿಯಲ್ಲಿ ಇಡಬೇಕು. ಈಗಾಗಲೇ ಕೆಟ್ಟಿರುವ ಅಂತರ್ಜಲವನ್ನು ಮೇಲೆತ್ತಿ ಶುದ್ಧೀಕರಿಸಬೇಕು. ಇದು ನಮ್ಮ ಗ್ರಂಥದ ಡೋಲು ಸೇದುವ ಕೆಲಸ. ಕೊನೆಯದಾಗಿ, ದಶಕಗಳವರೆಗೆ ಕಾವಲು ಕಾಯಬೇಕು, ನೀರನ್ನು ಪದೇ ಪದೇ ಪರೀಕ್ಷಿಸುತ್ತಿರಬೇಕು.

ಇದಕ್ಕೆ ಕೋಟಿಗಟ್ಟಲೆ ಹಣ ಬೇಕು, ತಾಳ್ಮೆಯೂ ಬೇಕು. ಕ್ರಮ ತಪ್ಪಿದರೆ ಫಲವಿಲ್ಲ. ದಿಬ್ಬವನ್ನು ಹಾಗೆಯೇ ಬಿಟ್ಟು ಊರಿಗೆ ಟ್ಯಾಂಕರ್ ನೀರು ಕಳಿಸುವುದು ನಾಯಿಯನ್ನು ಒಳಗೇ ಬಿಟ್ಟು ಡೋಲು ಸೇದಿದಂತೆ.

ಇನ್ನೊಂದು ಎಚ್ಚರಿಕೆಯೂ ಬೇಕು. ಒಂದು ಹಾನಿಯನ್ನು ಅಂತಹದೇ ಇನ್ನೊಂದು ಹಾನಿಯಿಂದ ನಿವಾರಿಸಬಾರದೆಂಬುದು ಫಿಕ್ಹ್‌ನ ಮತ್ತೊಂದು ಸೂತ್ರ. 1984ರ ಅನಿಲ ದುರಂತ ನಡೆದ ಭೋಪಾಲದ ಕಾರ್ಖಾನೆಯಿಂದ 337 ಟನ್ ವಿಷತ್ಯಾಜ್ಯವನ್ನು 2025ರ ಜನವರಿಯಲ್ಲಿ ಪೀಥಂಪುರಕ್ಕೆ ಸಾಗಿಸಿದಾಗ ಅಲ್ಲಿಯ ಜನ ಬೀದಿಗಿಳಿದರು. ಆ ತ್ಯಾಜ್ಯವನ್ನು ಅದೇ ವರ್ಷದ ಜೂನ್ ಕೊನೆಯ ಹೊತ್ತಿಗೆ ಸುಟ್ಟು ಮುಗಿಸಲಾಯಿತು. ಪರರ ಮನೆಯ ವಿಷ ನಮ್ಮ ಅಂಗಳಕ್ಕೇಕೆ ಬಂತು ಎಂಬ ಅವರ ಪ್ರಶ್ನೆ ಅಸಹಜವಲ್ಲ, ಏಕೆಂದರೆ ಆ ವಿಷ ಅವರದಾಗಿರಲಿಲ್ಲ. ಶುದ್ಧೀಕರಣವೆಂದರೆ ಹೊಲಸನ್ನು ದುರ್ಬಲರ ಓಣಿಗೆ ದಾಟಿಸುವುದಲ್ಲ.

ತೌಬಾದ ನಾಲ್ಕನೆಯ ಷರತ್ತು

ಸಹೋದರರೇ, ಈಗ ಈ ಪ್ರವಚನದ ಮುಖ್ಯ ಮಾತಿಗೆ ಬರುತ್ತೇನೆ.

ಸೂರಃ ಅರ್ರೂಮ್‌ನಲ್ಲಿ ಅಲ್ಲಾಹನು, ನೆಲದಲ್ಲಿಯೂ ಜಲದಲ್ಲಿಯೂ ಕ್ಷೋಭೆ ಹರಡಿದ್ದು ಮನುಷ್ಯರ ಕೈಗಳ ಗಳಿಕೆಯಿಂದಲೇ ಎಂದು ತಿಳಿಸುತ್ತಾನೆ. ಆ ಗಳಿಕೆಯ ರುಚಿಯನ್ನು ಅವರಿಗೆ ಸ್ವಲ್ಪ ತೋರಿಸುವುದು ಅವರು ಮರಳಿ ಬರಲೆಂದು. ಮರಳಿ ಬರುವುದಕ್ಕೇ ತೌಬಾ ಎಂದು ಹೆಸರು. ಆದರೆ ತೌಬಾ ಎಂದರೆ ಏನು? ಕಿವಿ ಹಿಡಿದು ಕೆನ್ನೆ ತಟ್ಟಿಕೊಳ್ಳುವುದೇ? ಇಮಾಮ್ ನವವಿ(ರ)ಯವರು ವಿವರಿಸಿದಂತೆ, ಪಾಪವು ಅಲ್ಲಾಹನ ಹಕ್ಕಿಗೆ ಮಾತ್ರ ಸಂಬಂಧಿಸಿದ್ದಾದರೆ ತೌಬಾಕ್ಕೆ ಮೂರು ಷರತ್ತುಗಳು: ಪಾಪವನ್ನು ನಿಲ್ಲಿಸುವುದು, ಪಶ್ಚಾತ್ತಾಪಪಡುವುದು, ಮತ್ತೆ ಮಾಡುವುದಿಲ್ಲವೆಂದು ದೃಢ ನಿಶ್ಚಯ ಮಾಡುವುದು. ಅದು ಮನುಷ್ಯರ ಹಕ್ಕಿಗೆ ಸಂಬಂಧಿಸಿದ್ದಾದರೆ ನಾಲ್ಕನೆಯ ಷರತ್ತೂ ಇದೆ: ಆ ಹಕ್ಕನ್ನು ಹಕ್ಕುದಾರನಿಗೆ ಮರಳಿಸುವುದು.

ಕಾರ್ಖಾನೆಗೆ ಬೀಗ ಹಾಕಿದಾಗ ಮೊದಲ ಷರತ್ತು ಪೂರ್ಣವಾಯಿತು. ನಾಲ್ಕನೆಯದು? ರೈತನ ಬಾವಿ ಅವನಿಗೆ ಮರಳಿತೇ? ನೆಲ ಮರಳಿತೇ? ವೆಲ್ಲೂರಿನ ಪ್ರಕರಣದಲ್ಲಿ ನೇಮಕವಾದ ಪ್ರಾಧಿಕಾರವು 29 ಸಾವಿರಕ್ಕೂ ಹೆಚ್ಚು ಮಂದಿ ನೊಂದವರನ್ನು ಗುರುತಿಸಿ 26 ಕೋಟಿ ರೂಪಾಯಿಗೂ ಮಿಕ್ಕಿದ ಪರಿಹಾರ ನಿಗದಿ ಮಾಡಿತು. ಸರಾಸರಿ ತೆಗೆದರೆ ಒಬ್ಬೊಬ್ಬರಿಗೆ ಒಂಬತ್ತು ಸಾವಿರ ರೂಪಾಯಿಯ ಆಸುಪಾಸು. ಒಂದು ಜೀವಮಾನದ ಬಾವಿಗೆ ಇದು ಬೆಲೆಯಾಯಿತೇ? 2025ರ ಜನವರಿ 30ರಂದು ಸುಪ್ರೀಂ ಕೋರ್ಟು ಇದೇ ಪಾಲಾರಿನ ವಿಷಯದಲ್ಲಿ ಮತ್ತೊಮ್ಮೆ ತೀರ್ಪು ನೀಡಬೇಕಾಯಿತೆಂದರೆ, ಸುಮಾರು ಮೂರು ದಶಕಗಳ ಬಳಿಕವೂ ಋಣ ತೀರಿಲ್ಲವೆಂದೇ ಅರ್ಥ.

ಋಣವೆಂಬ ಮಾತನ್ನು ನಾನು ಅಲಂಕಾರಕ್ಕೆ ಬಳಸಿಲ್ಲ. ಒಂದು ಗೇಣು ನೆಲವನ್ನು ಅನ್ಯಾಯವಾಗಿ ಕಬಳಿಸಿದವನ ಕೊರಳಿಗೆ ಪುನರುತ್ಥಾನ ದಿನ ಏಳು ಭೂಮಿಗಳ ಹೊರೆ ಬೀಳುವುದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಬೇಲಿ ಸರಿಸಿ ಕಬಳಿಸಿದರೂ ಅಷ್ಟೇ, ವಿಷ ಹರಿಸಿ ನಿರುಪಯುಕ್ತಗೊಳಿಸಿದರೂ ಅಷ್ಟೇ. ನೆಲದ ಒಡೆಯನ ಪಾಲಿಗೆ ನೆಲ ಹೋಯಿತು ತಾನೇ? ಅಂದು ನಿಜವಾದ ದಿವಾಳಿ ಯಾರೆಂಬುದನ್ನೂ ಅವರು ತಿಳಿಸಿದ್ದಾರೆ. ನಮಾಝ್, ಉಪವಾಸ, ಝಕಾತುಗಳೊಂದಿಗೆ ಬರುವವನು ಅವನು. ಆದರೆ ಒಬ್ಬನನ್ನು ಬೈದಿರುತ್ತಾನೆ, ಇನ್ನೊಬ್ಬನ ಸೊತ್ತು ತಿಂದಿರುತ್ತಾನೆ, ಮತ್ತೊಬ್ಬನನ್ನು ಹಿಂಸಿಸಿರುತ್ತಾನೆ. ಅವನ ಸತ್ಕರ್ಮಗಳೆಲ್ಲ ಅವರಿಗೆ ಹಂಚಿಹೋಗಿ, ಕೊನೆಗೆ ಅವರ ಪಾಪಗಳೂ ಅವನ ತಲೆಗೇ ಬರುತ್ತವೆ. ಹೊಳೆ ಕೆಡಿಸಿದವನ ಮುಂದೆ ಅಂದು ಎಷ್ಟು ಮಂದಿ ಸಾಲುಗಟ್ಟಿ ನಿಂತಾರೆಂದು ಊಹಿಸಿರಿ. ಹಳ್ಳಿ ಹಳ್ಳಿಯೇ ನಿಂತೀತು. ಅವರಲ್ಲಿ ಅವನು ಮುಖವನ್ನೇ ಕಂಡಿರದವರು, ಅವನು ಸತ್ತ ಮೇಲೆ ಹುಟ್ಟಿದವರೂ ಇರುತ್ತಾರೆ.

ಮೂರು ನೆಪಗಳು

ಈ ಮಾತು ಬಂದಾಗಲೆಲ್ಲ ಕೇಳಿಬರುವ ನೆಪಗಳು ಮೂರು.

ಮೊದಲನೆಯದು, "ಅವರು ಎಷ್ಟು ಮಸೀದಿ ಕಟ್ಟಿಸಿಲ್ಲ, ಎಷ್ಟು ಬಡಹುಡುಗಿಯರ ನಿಕಾಹ್ ಮಾಡಿಸಿಲ್ಲ!" ಒಳ್ಳೆಯದು, ಅಲ್ಲಾಹನು ಸ್ವೀಕರಿಸಲಿ. ಆದರೆ ಅಲ್ಲಾಹನು ಪರಿಶುದ್ಧನು, ಪರಿಶುದ್ಧವಾದುದನ್ನು ಮಾತ್ರ ಸ್ವೀಕರಿಸುವವನು. ನೆರೆಯವನ ಬಾವಿ ಕೆಡಿಸಿ ಮಸೀದಿಯ ಹೌಝ್ ತುಂಬಿಸಿದರೆ ಆ ನೀರಿನಿಂದ ವುಝೂ ಮಾಡುವವನ ಮನಸ್ಸಿಗೆ ಸಮಾಧಾನವಿದ್ದೀತೇ? ದಾನ ಐಚ್ಛಿಕ, ಸಾಲ ತೀರಿಸುವುದು ಕಡ್ಡಾಯ. ಸಾಲಗಾರನು ಸಾಲ ಬಾಕಿ ಇಟ್ಟು ದಾನಶೂರನೆನಿಸಿಕೊಳ್ಳುವಂತಿಲ್ಲ.

ಎರಡನೆಯದು, "ಕಾರ್ಖಾನೆಗಳ ಬಾಗಿಲು ಹಾಕಿದರೆ ಸಾವಿರಾರು ಮನೆಗಳ ಒಲೆ ಆರುತ್ತದೆ." ಇದು ನಿಜವಾದ ಸಂಕಟ, ಇದನ್ನು ಹಗುರವಾಗಿ ಕಾಣಬಾರದು. ಆದರೆ ಶುದ್ಧೀಕರಣದ ಖರ್ಚನ್ನು ಉಳಿಸಿ ಮಾಡಿದ ಲಾಭ ಕೂಲಿಯವನ ಒಲೆಗೆ ಹೋಯಿತೇ, ಮಾಲೀಕನ ಪೆಟ್ಟಿಗೆಗೆ ಹೋಯಿತೇ ಎಂಬುದನ್ನೂ ಕೇಳಬೇಕಲ್ಲವೇ? ಕೆಟ್ಟ ನೀರನ್ನು ಮೊದಲು ಕುಡಿಯುವವನು ಆ ಕೂಲಿಯವನೇ. ಅವನ ಹೆಸರು ಹೇಳಿ ಅವನ ನೀರನ್ನೇ ಕೆಡಿಸುವುದು ನ್ಯಾಯವಲ್ಲ.

ಮೂರನೆಯದು, "ಕಂಪನಿ ಮುಚ್ಚಿತು, ಮಾಡಿದವರು ಹೋದರು. ಈಗ ಯಾರನ್ನು ಕೇಳುವುದು?" ಇದಕ್ಕೆ ಎರಡು ಉತ್ತರಗಳಿವೆ. ಮೃತನ ಸಾಲ ತೀರಿದ ಮೇಲೆಯೇ ವಾರಸುದಾರರಿಗೆ ಪಾಲು ಎಂಬುದು ಕುರ್‌ಆನಿನ ನಿಯಮ. ಲಾಭದ ಆಸ್ತಿಯನ್ನು ಹಂಚಿಕೊಂಡವರು ದಿಬ್ಬದ ವಾರಸುದಾರರೂ ಹೌದು. ಇನ್ನು, ತೀರಿಸುವವರೇ ಇಲ್ಲವಾದರೆ? ಪ್ರವಾದಿವರ್ಯರ(ಸ) ಮುಂದೆ ಒಮ್ಮೆ ಜನಾಝಾ ತರಲಾಯಿತು. ಮೃತನಿಗೆ ಮೂರು ದೀನಾರ್ ಸಾಲವಿದೆಯೆಂದೂ ತೀರಿಸಲು ಅವನು ಏನನ್ನೂ ಬಿಟ್ಟುಹೋಗಿಲ್ಲವೆಂದೂ ತಿಳಿದಾಗ ಅವರು ನಮಾಝಿಗೆ ನಿಲ್ಲಲಿಲ್ಲ, ನಿಮ್ಮ ಸಂಗಾತಿಯ ನಮಾಝನ್ನು ನೀವೇ ಮಾಡಿರೆಂದರು. ಆಗ ಅಬೂ ಕತಾದಾ(ರ) ಮುಂದೆ ಬಂದು ಆ ಸಾಲ ನನ್ನ ಮೇಲಿರಲಿ ಎಂದರು. ಆಮೇಲೆಯೇ ಪ್ರವಾದಿವರ್ಯರು(ಸ) ನಮಾಝ್ ನಿರ್ವಹಿಸಿದರು. ಮೂರು ದೀನಾರಿಗೆ ಹೀಗಾದರೆ ಒಂದು ನದಿಯ ಸಾಲಕ್ಕೆ ಏನಾದೀತು? ಒಡೆಯರಿಲ್ಲದ ವಿಷದಿಬ್ಬಗಳ ಮುಂದೆ ಇಂದು ಅಬೂ ಕತಾದಾರ(ರ) ಜಾಗ ತೆರವಾಗಿದೆ. ಸರಕಾರ ಆ ಜಾಗದಲ್ಲಿ ನಿಲ್ಲಬೇಕು. ಅದನ್ನು ನಿಲ್ಲಿಸುವ ಕೆಲಸ ನಮ್ಮೆಲ್ಲರದು.

ಮೇಲಿನವರು, ಕೆಳಗಿನವರು

ಝುಬೈರ್(ರ) ಮತ್ತು ಒಬ್ಬ ಅನ್ಸಾರಿಯ ನಡುವೆ ತೋಟದ ನೀರಿನ ವ್ಯಾಜ್ಯ ಬಂದಾಗ, ಹರಿವಿನ ಮೇಲ್ಭಾಗದಲ್ಲಿದ್ದ ಝುಬೈರ್(ರ) ತನ್ನ ತೋಟಕ್ಕೆ ನೀರು ಹಾಯಿಸಿ ಬಳಿಕ ಅದನ್ನು ಕೆಳಗಿನವನಿಗೆ ಬಿಡಬೇಕೆಂದು ಪ್ರವಾದಿವರ್ಯರು(ಸ) ಹೇಳಿದರು. ಮೇಲಿನವನಿಗೆ ಮೊದಲ ಹಕ್ಕಿದೆ, ಆದರೆ ಅವನ ಹಕ್ಕಿನ ಕೊನೆಯಲ್ಲಿ ಕೆಳಗಿನವನ ಹಕ್ಕು ಆರಂಭವಾಗುತ್ತದೆ. ಕರ್ನಾಟಕದ ನಾವು ಅನೇಕ ಹೊಳೆಗಳ ಮೇಲಿನವರು. ಇದೇ ಪಾಲಾರಿನ ಬೇತಮಂಗಲದ ನೀರು ಕುಡಿದು ಬೆಳೆದ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಚಿನ್ನ ಸೋಸಿದ ಮೇಲೆ ಉಳಿದ ಮೂರು ಕೋಟಿ ಟನ್‌ಗೂ ಹೆಚ್ಚಿನ ಪುಡಿ ಅಲ್ಲಿ ಬೆಟ್ಟಗಳಾಗಿ ನಿಂತಿದೆ. ಜನ ಅವನ್ನು ಸೈನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ಗಾಳಿ ಬೀಸಿದಾಗ ಆ ಧೂಳು ಊರಿನ ಮೇಲೆ ಬೀಳುತ್ತದೆ. ಚಿನ್ನ ಎಲ್ಲೋ ಹೋಯಿತು, ಧೂಳು ಬಡವರಿಗೆ ಉಳಿಯಿತು.

ದೊಡ್ಡ ದಿಬ್ಬಗಳ ಮಾತಾಡುತ್ತಾ ಸಣ್ಣವನ್ನು ಮರೆಯದಿರೋಣ. ನಮ್ಮ ಸಮುದಾಯದ ಎಷ್ಟೋ ಮಂದಿ ಗುಜರಿ, ಗ್ಯಾರೇಜು, ಬ್ಯಾಟರಿ ಕೆಲಸಗಳಲ್ಲಿದ್ದಾರೆ. ಹಲಾಲ್ ಸಂಪಾದನೆಯ ಕಷ್ಟದ ದಾರಿಗಳಿವು. ಆದರೆ ಹಳೆಯ ಬ್ಯಾಟರಿ ಒಡೆದು ಆಸಿಡ್ಡನ್ನು ಮೋರಿಗೆ ಸುರಿದರೆ, ಸೀಸವನ್ನು ಮನೆಯ ಹಿತ್ತಿಲಲ್ಲೇ ಕರಗಿಸಿದರೆ, ತಾಮ್ರಕ್ಕಾಗಿ ವಯರುಗಳನ್ನು ಸುಟ್ಟರೆ, ಸುಟ್ಟ ಆಯಿಲನ್ನು ನೆಲಕ್ಕೆ ಬಿಟ್ಟರೆ ಆ ಹಿತ್ತಿಲೂ ಒಂದು ಸಣ್ಣ ರಾಣಿಪೇಟೆಯೇ. ಸೀಸದ ಧೂಳು ಮೊದಲು ಸೇರುವುದು ಅಂಗಳದಲ್ಲಿ ಆಡುವ ನಮ್ಮದೇ ಮಕ್ಕಳ ಮೈಯನ್ನು, ಅದು ಕೆಡಿಸುವುದು ಅವರ ಬುದ್ಧಿಯನ್ನು. ಬ್ಯಾಟರಿಯನ್ನು ಪರವಾನಗಿ ಇರುವವರಿಗೆ ಮಾತ್ರ ಒಪ್ಪಿಸಿರಿ. ಸುಟ್ಟ ಆಯಿಲನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಮರುಸಂಸ್ಕರಣೆಗೆ ಕೊಡಿರಿ. ತಾಯಂದಿರೇ, ಮಗ ಮನೆಗೆ ದುಡ್ಡು ತಂದಾಗ ಎಷ್ಟು ಎಂದು ಕೇಳುವ ಜೊತೆಗೆ ಹೇಗೆ ಎಂದೂ ಕೇಳಿರಿ. ಜಮಾಅತ್ ಕಮಿಟಿಯವರೇ, ಊರಿನ ಬಾವಿ ಬೋರ್‌ವೆಲ್‌ಗಳ ನೀರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಮಸೀದಿಯ ಬೋರ್ಡಿನಲ್ಲಿ ಹಾಕಿರಿ, ನೆರೆಹೊರೆಯ ಎಲ್ಲ ಧರ್ಮದವರಿಗೂ ತಿಳಿಸಿರಿ. ಊರಿನ ಬಳಿ ಕಾರ್ಖಾನೆ ಮುಚ್ಚುವಾಗ, ಒಳಗೆ ಉಳಿದುದನ್ನು ಏನು ಮಾಡುತ್ತೀರೆಂದು ಪಂಚಾಯತಿಯಲ್ಲಿಯೂ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿಯೂ ಲಿಖಿತವಾಗಿ ಕೇಳಿರಿ. ದಾರಿಯಿಂದ ಒಂದು ಮುಳ್ಳನ್ನು ಸರಿಸುವುದು ಈಮಾನಿನ ಶಾಖೆಯಾದರೆ ಜನರ ನೀರಿನಿಂದ ವಿಷವನ್ನು ಸರಿಸುವುದು ಏನಾಗಬೇಕು, ನೀವೇ ಹೇಳಿರಿ.

ಪ್ರವಾದಿವರ್ಯರು(ಸ) ಹೇಳಿದ ಹಡಗಿನ ಉಪಮೆ ನಿಮಗೆ ನೆನಪಿರಬಹುದು. ಕೆಲವರು ಮೇಲಿನ ಅಂತಸ್ತಿನಲ್ಲಿ, ಕೆಲವರು ಕೆಳಗೆ. ಪ್ರತಿ ಸಲ ನೀರಿಗಾಗಿ ಮೇಲೆ ಹೋಗಿ ಅಲ್ಲಿಯವರಿಗೆ ತೊಂದರೆ ಕೊಡುವ ಬದಲು ನಮ್ಮ ಪಾಲಿನ ಜಾಗದಲ್ಲಿಯೇ ಒಂದು ತೂತು ಕೊರೆಯೋಣವೆಂದು ಕೆಳಗಿನವರು ಯೋಚಿಸುತ್ತಾರೆ. ಉಳಿದವರು ಅವರ ಕೈ ಹಿಡಿದರೆ ಎಲ್ಲರೂ ಬದುಕುತ್ತಾರೆ, ಅವರ ಪಾಡಿಗೆ ಬಿಟ್ಟರೆ ಎಲ್ಲರೂ ಮುಳುಗುತ್ತಾರೆ. ನದಿಯೂ ಅಂತಹ ಒಂದು ಹಡಗು. ಅದರಲ್ಲಿ ನನ್ನ ಜಾಗ, ನನ್ನ ಕಂಪೌಂಡು, ನನ್ನ ತೂತು ಎಂಬುದಿಲ್ಲ.

ಆ ಹುಡುಗನಿಗೆ ಈಗ ಹೇಳುತ್ತೇನೆ: ಮಗೂ, ನಿನ್ನ ನಾನಿಯ ಬಾವಿಗೆ ಡೋಲಿನ ಲೆಕ್ಕ ಆಮೇಲೆ. ಮೊದಲು ಸತ್ತದ್ದು ಹೊರಬರಲಿ. ಅದನ್ನು ಹಾಕಿದವರು ತೆಗೆಯಲಿ. ಅವರಿಲ್ಲದಿದ್ದರೆ ಅದರ ಲಾಭ ಉಂಡವರು ತೆಗೆಯಲಿ. ಅವರೂ ಇಲ್ಲದಿದ್ದರೆ ಅಬೂ ಕತಾದಾ(ರ)ರಂತೆ ನಾವೆಲ್ಲ ಸೇರಿ ಹೊಣೆ ಹೊರೋಣ. ಬಾವಿಯನ್ನು ಹಾಗೆಯೇ ಬಿಟ್ಟು ನಮಾಝಿಗೆ ನಿಲ್ಲುವ ಅನುಮತಿ ಮಾತ್ರ ನಮಗಿಲ್ಲ.

ಓ ಅಲ್ಲಾಹ್, ನೀನು ನೀರಿನಿಂದ ಸಕಲ ಜೀವಿಗಳನ್ನು ಸೃಷ್ಟಿಸಿದೆ. ಆ ಅಮಾನತನ್ನು ಕೆಡಿಸಿದವರ ಸಾಲಿನಲ್ಲಿ ನಮ್ಮನ್ನು ಎಬ್ಬಿಸಬೇಡ. ನಮ್ಮ ಕೈಗಳಿಂದ ಆದ ಹಾನಿಯನ್ನು ನಮ್ಮ ಕೈಗಳಿಂದಲೇ, ನಾವು ಬದುಕಿರುವಾಗಲೇ ನಿವಾರಿಸುವ ಸೌಭಾಗ್ಯ ಕರುಣಿಸು. ಹಕ್ಕುದಾರರ ಹಕ್ಕನ್ನು ಮರಳಿಸದೆ ನಿನ್ನ ಸನ್ನಿಧಿಗೆ ಬರುವ ದುರ್ಗತಿಯಿಂದ ನಮ್ಮನ್ನು ಕಾಪಾಡು. ಆಮೀನ್.